ಒಲೆ ತುಂಬುವ ತನಕ

ನನ್ನ ತಮ್ಮ ಆ ಮುರಿದ ಬೋಲ್ಟನ್ನು ತಂದು ನನ್ನ ಚಹಾ ಲೋಟದ ಪಕ್ಕ ಇಟ್ಟಾಗ ನಾನು ಮೊದಲು ಬೈದದ್ದು ಮೇಜಿನ ಬಟ್ಟೆಗೆ ಎಣ್ಣೆ ಹತ್ತಿತೆಂದು. ಆಮೇಲೆ ಅದನ್ನು ಕೈಗೆತ್ತಿಕೊಂಡೆ. ಹೆಬ್ಬೆರಳು ದಪ್ಪದ ಬೋಲ್ಟು, ತಲೆ ಒಂದು ಕಡೆ, ಮೈ ಒಂದು ಕಡೆ. ಮೇಲೆ ಸತುವಿನ ಲೇಪ, ಅದರ ಮೇಲೆ ತೆಳ್ಳನೆಯ ಹಳದಿ ಹೊಳಪು. ಆ ಹಳದಿ ನನಗೆ ಗೊತ್ತು. ಲೇಪ ಹಾಕುವವರು ಊರ ತುಂಬ ಇದ್ದಾರೆ, ಅಷ್ಟು ಚೆಂದದ ಹಳದಿ ಬರುವುದು ನಮ್ಮ ಅಕ್ಕನ ಶೆಡ್ಡಿನಲ್ಲಿ ಮಾತ್ರ.

“ಇದು ಮುರಿದಾಗ ನೀನೆಲ್ಲಿದ್ದೆ?” ಎಂದು ಕೇಳಿದೆ.

“ಟೆರೇಸಿನ ಮೇಲೆ ಊಟಕ್ಕೆ ಕೂತಿದ್ದೆ. ಯಾರೂ ಮುಟ್ಟಿರ್ಲಿಲ್ಲ ಚಿಕ್ಕಕ್ಕ. ತೊಟ್ಟಿಲು ಖಾಲಿ ಇತ್ತು. ಸುಮ್ನೆ ಠಕ್ ಅಂತು, ವಾಲಿಕೊಳ್ತು.”

ತಮ್ಮನ ಕೆಲಸ ಗಾಜಿನ ಕಟ್ಟಡವೊಂದರ ಗೋಡೆ ತೊಳೆಯುವುದು. ಟೆರೇಸಿನ ಮೇಲೆ ಕಬ್ಬಿಣದ ತೋಳೊಂದನ್ನು ಬೋಲ್ಟುಗಳಿಂದ ಬಿಗಿದಿರುತ್ತಾರೆ. ಅದರಿಂದ ಇಳಿಬಿಟ್ಟ ಹಗ್ಗಕ್ಕೆ ಒಬ್ಬ ಮನುಷ್ಯ ನಿಲ್ಲುವಷ್ಟು ಪೆಟ್ಟಿಗೆ, ಅದನ್ನು ಏರಿಸಿ ಇಳಿಸಲು ಒಂದು ಮೋಟಾರು. ಅದಕ್ಕೆ ಅವರು ತೊಟ್ಟಿಲು ಎನ್ನುತ್ತಾರೆ. ಕಟ್ಟಡದ ಮುಂದಕ್ಕೊಂದು ತೊಟ್ಟಿಲು, ಹಿಂದಕ್ಕೊಂದು. ತಮ್ಮನದು ಮುಂದಿನದು. ‘ಹುಟ್ಟಿದಾಗ ಹತ್ತಿದ ತೊಟ್ಟಿಲು, ಇನ್ನೂ ಇಳಿದಿಲ್ಲ’ ಎಂದು ಅಮ್ಮ ಬಂದವರಿಗೆಲ್ಲ ಹೇಳುತ್ತಾಳೆ. ಸೊಂಟಕ್ಕೆ ಬೆಲ್ಟು ಕಟ್ಟಿಕೊಳ್ಳುತ್ತಾನಲ್ಲ ಎಂದು ನಾವು ಸಮಾಧಾನಪಟ್ಟುಕೊಳ್ಳುತ್ತಿದ್ದೆವು, ಆ ಬೆಲ್ಟಿನ ಇನ್ನೊಂದು ತುದಿ ಅದೇ ತೊಟ್ಟಿಲಿಗೆ ಕಟ್ಟಿರುತ್ತದೆ ಎಂದು ಗೊತ್ತಾಗುವವರೆಗೆ.

ಬೋಲ್ಟು ಮುರಿದದ್ದಕ್ಕೆ ಅಲ್ಲಿನ ಮೇಸ್ತ್ರಿ ಕಾರಣ ಹುಡುಕಲು ಹೋಗಲಿಲ್ಲ. ತಮ್ಮನೇ ಬೋಲ್ಟು ತಿರುಗಿಸುವ ಪಾನಾಕ್ಕೆ ಪೈಪು ತೂರಿಸಿ ಮಿತಿಮೀರಿ ಬಿಗಿದಿದ್ದಾನೆ, ಅಷ್ಟೇ ಎಂದ. ಸೋಮವಾರ ಕೆಲಸ ಮತ್ತೆ ಶುರು, ಉಳಿದಿರುವ ಬೋಲ್ಟುಗಳಲ್ಲೇ ಒಂದನ್ನು ಹಾಕಿಕೊಂಡು ಇಳಿ ಎಂದ. ಎರಡೂ ತೊಟ್ಟಿಲಿನ ಬೋಲ್ಟುಗಳಿಗೆ ಲೇಪ ಹಾಕಿದ್ದು ಅಕ್ಕ, ಎಲ್ಲವೂ ಒಂದೇ ದಿನದ ಕೆಲಸ. ಅಕ್ಕನ ಶೆಡ್ಡಿನ ಹೆಸರನ್ನು ಮೇಸ್ತ್ರಿಗೆ ಹೇಳಿದವನು ತಮ್ಮನೇ.

ನನ್ನ ಕೆಲಸ ಮುರಿದದ್ದನ್ನು ನೋಡಿ ಏಕೆ ಮುರಿಯಿತೆಂದು ಹೇಳುವುದು. ಮದುವೆಯೊಂದನ್ನು ಬಿಟ್ಟು ಮುರಿದದ್ದೆಲ್ಲವನ್ನೂ ನಮ್ಮ ಪ್ರಯೋಗಾಲಯಕ್ಕೆ ತರುತ್ತಾರೆ. ಮರುದಿನ ಬೋಲ್ಟನ್ನು ತೊಳೆದು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಮಿತಿಮೀರಿ ಬಿಗಿದು ಮುರಿದ ಬೋಲ್ಟಿನ ಕುತ್ತಿಗೆ ಮೊದಲು ಎಳೆದು ಸಣಕಲಾಗುತ್ತದೆ, ನಾದಿದ ಹಿಟ್ಟನ್ನು ಎಳೆದು ಹರಿದ ಹಾಗೆ. ಇದರ ಕುತ್ತಿಗೆ ಇದ್ದ ಹಾಗೇ ಇತ್ತು. ಮುರಿದ ಮುಖ ಮಾತ್ರ ಕಲ್ಲುಸಕ್ಕರೆ ಒಡೆದಂತೆ, ಹರಳು ಹರಳಾಗಿ, ಸಂದಿ ಸಂದಿಯಲ್ಲಿ ಬಿಟ್ಟುಕೊಂಡಿತ್ತು. ತಮ್ಮನ ಕೈ ಎಷ್ಟೇ ಜೋರಿದ್ದರೂ ಹಾಗೆ ಒಡೆಯಲಾರದು. ಅದು ಹೈಡ್ರೋಜನ್ನಿನ ಕೆಲಸ.

ಅಲ್ಲಿಗೆ ನನ್ನ ಪಾಲಿಗೆ ಪ್ರಶ್ನೆ ಮುಗಿದಿತ್ತು. ಮನೆಯಲ್ಲಿ ಶುರುವಾಯಿತು.

ಅಕ್ಕನ ಬಗ್ಗೆ ಒಂದು ಮಾತು ಹೇಳಬೇಕು. ಭಾವ ಬೇರೆ ದಾರಿ ನೋಡಿಕೊಂಡ ಮೇಲೆ ಅವಳು ಅಮ್ಮನ ಮನೆಗೆ ಮರಳಿದಳು, ಬರುವಾಗ ತಂದದ್ದು ಎರಡು ಪೆಟ್ಟಿಗೆ ಮತ್ತು ಒಂದು ಹಠ. ಆ ಹಠದಿಂದಲೇ ಶೆಡ್ಡು ಕಟ್ಟಿದಳು. ಆಸಿಡ್ ತೊಟ್ಟಿ, ಸತುವಿನ ತೊಟ್ಟಿ, ಬಣ್ಣದ ತೊಟ್ಟಿ, ಮೂಲೆಯಲ್ಲಿ ಬೀರುವಿನಷ್ಟು ದೊಡ್ಡ ಓವನ್. ಅದನ್ನು ಅವಳು ಓವನ್ ಎನ್ನುವುದಿಲ್ಲ, ಒಲೆ ಎನ್ನುತ್ತಾಳೆ. ಒಲೆಯ ವಿಷಯದಲ್ಲಿ ಅವಳ ಜಿಪುಣತನ ಶೆಡ್ಡಿನಲ್ಲೂ ಅದೇ, ಮನೆಯಲ್ಲೂ ಅದೇ. ನಮ್ಮ ಮನೆಯಲ್ಲಿ ಒಬ್ಬರಿಗೆಂದು ಚಹಾ ಕಾಯುವುದಿಲ್ಲ. ಎಲ್ಲರೂ ಎದ್ದು, ಮುಖ ತೊಳೆದು, ಬಂದು ಕೂರಬೇಕು, ಆಮೇಲೆ ಒಲೆ ಹತ್ತುತ್ತದೆ. ‘ಅರ್ಧ ಖಾಲಿ ಒಲೆ ಉರಿಸೋದೂ ಒಂದೇ, ತೂತು ಗಡಿಗೆಗೆ ನೀರು ಹೊಯ್ಯೋದೂ ಒಂದೇ’ ಎನ್ನುತ್ತಾಳೆ. ಬೆಳಿಗ್ಗೆ ಬೇಗ ಹೊರಡುವ ದಿನ ನಾನು ಚಹಾ ಇಲ್ಲದೆ ಹೋದದ್ದೇ ಹೆಚ್ಚು. ಅದರ ಸಿಟ್ಟೂ ನನ್ನಲ್ಲಿ ಇತ್ತೋ ಏನೋ.

ಆ ರಾತ್ರಿ ಊಟಕ್ಕೆ ಕೂತಾಗ ವಿಷಯ ತೆಗೆದೆ. ಅಮ್ಮನಿಗೆ ಹೇಳುವಂತೆ ಹೇಳಿದೆ, ಕೇಳಬೇಕಾದವಳು ಅಕ್ಕ.

“ತುಕ್ಕು ತೆಗೆಯೋಕೆ ಬೋಲ್ಟನ್ನ ಆಸಿಡ್‌ನಲ್ಲಿ ಅದ್ದುತ್ತಾರಲ್ಲಮ್ಮ, ಆಗ ಹೈಡ್ರೋಜನ್ ಉಕ್ಕಿನ ಒಳಗೆ ನುಗ್ಗುತ್ತೆ. ಅದು ಎಷ್ಟು ಸಣ್ಣದು ಅಂದ್ರೆ, ಗಟ್ಟಿ ಉಕ್ಕಿನೊಳಗೂ ಸಲೀಸಾಗಿ ಓಡಾಡುತ್ತೆ.”

“ಓಡಾಡ್ಲಿ ಬಿಡು, ನಿನಗೇನು ಕಷ್ಟ?” ಎಂದಳು ಅಮ್ಮ.

“ಓಡಾಡಿದ್ರೆ ಕಷ್ಟ ಇಲ್ಲ, ಕೂತ್ರೆ ಕಷ್ಟ. ಉಕ್ಕು ಮೇಲೆ ನೋಡೋಕೆ ನುಣುಪು. ಒಳಗೆ ಅಲ್ಲಲ್ಲಿ ಸಾಲು ತಪ್ಪಿರುತ್ತೆ, ಹರಳಿಗೂ ಹರಳಿಗೂ ನಡುವೆ ಸಂದಿ ಇರುತ್ತೆ, ಎಲ್ಲೋ ಒಂದು ಚೂರು ಕಸ ಸೇರಿಕೊಂಡಿರುತ್ತೆ. ಅಂಥ ಕಡೆ ಹೋಗಿ ಸಿಕ್ಕಿಹಾಕಿಕೊಳ್ಳುತ್ತೆ. ಕೆಲವು ಆಳದ ಗುಂಡಿ. ಅಲ್ಲಿ ಬಿದ್ದಿದ್ದು ಮೇಲೆ ಬರೋದೇ ಇಲ್ಲ, ಅದ್ರಿಂದ ತೊಂದ್ರೆನೂ ಇಲ್ಲ. ಕೆಲವು ಬರೀ ತಗ್ಗು. ಬೋಲ್ಟು ಬಿಗಿದ ಮೇಲೆ ಅಲ್ಲಿ ಕೂತಿದ್ದು ಮೆಲ್ಲಗೆ ಎದ್ದು, ಎಲ್ಲಿ ಎಳೆತ ಜಾಸ್ತಿನೋ ಅಲ್ಲಿಗೆ ಹೋಗಿ ಗುಂಪು ಸೇರುತ್ತೆ. ಒಂದು ದಿನ ಸಂದಿ ಬಿಟ್ಟುಕೊಳ್ಳುತ್ತೆ, ಠಕ್.”

“ಥೇಟ್ ನಮ್ಮತ್ತೆ” ಎಂದಳು ಅಮ್ಮ. “ವರ್ಷಗಟ್ಟಲೆ ಮೂಲೇಲಿ ಸುಮ್ನೆ ಕೂತಿರೋರು. ಒಂದಿನ ಎದ್ದು ಮನೆ ಎರಡು ಮಾಡಿಟ್ರು.”

ತಮ್ಮ ನಕ್ಕ. ಅಕ್ಕ ನಗಲಿಲ್ಲ.

“ಅದಕ್ಕೇನು ಮದ್ದು?” ಎಂದು ಕೇಳಿದವನು ತಮ್ಮ. ಪಾಪ, ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

“ಲೇಪ ಆದ ಕೂಡ್ಲೇ ಬೇಯಿಸ್ಬೇಕು. ಬಿಸಿಗೆ ಅರ್ಧ ಹೊರಗೆ ಹೋಗುತ್ತೆ, ಮಿಕ್ಕಿದ್ದು ಆಳದ ಗುಂಡಿಗೆ ಹೋಗಿ ಬಿದ್ದಿರುತ್ತೆ. ಆದ್ರೆ ಕೂಡ್ಲೇ ಬೇಯಿಸ್ಬೇಕು. ತಡ ಆದ್ರೆ ಒಳಗೆ ಕೂದಲೆಳೆಯಷ್ಟು ಬಿರುಕು ಬಿಟ್ಟಿರುತ್ತೆ. ಬಿಟ್ಟ ಬಿರುಕು ಎಷ್ಟು ಬೇಯಿಸಿದ್ರೂ ಕೂಡಲ್ಲ.”

ಅಕ್ಕ ತಟ್ಟೆ ಸರಿಸಿದಳು. “ನಾನು ಬೇಯಿಸಿಲ್ಲ ಅಂತೀಯಾ?”

“ಬೇಯಿಸಿದೀಯ. ಕೂಡ್ಲೇ ಬೇಯಿಸಿದ್ಯಾ, ಒಲೆ ತುಂಬ್ಲಿ ಅಂತ ಕಾದ್ಯಾ?”

“ಬೇಯಿಸಿದೀನಿ ಅಂದ್ನಲ್ಲ.”

ಅದು ನನ್ನ ಪ್ರಶ್ನೆಗೆ ಉತ್ತರವಲ್ಲ. ಅವಳಿಗೂ ಗೊತ್ತು, ನನಗೂ ಗೊತ್ತು.

“ನಿನ್ನ ಯಂತ್ರದಲ್ಲಿ ನನ್ನ ಶೆಡ್ಡೂ ಕಾಣುತ್ತಾ?” ಎಂದು ಅಕ್ಕ ಎದ್ದು ನಿಂತಳು. “ಇವನ ಕೈ ನೋಡು ಮೊದ್ಲು. ನಲ್ಲಿ ತಿರುಗಿಸಿದ್ರೆ ನಲ್ಲಿನೇ ಕಿತ್ತುಕೊಂಡು ಬರುತ್ತೆ. ಇಷ್ಟು ವರ್ಷದಲ್ಲಿ ಒಂದೇ ಒಂದು ಬೋಲ್ಟು ವಾಪಸ್ ಬಂದಿಲ್ಲ ನನಗೆ. ಬೇಡ ಅಂದ್ರೆ ಆ ಕರಿಮುಸುಡಿ ಬೋಲ್ಟು ಹಾಕ್ಕೊಳ್ಳಿ, ಮೊದಲ ಮಳೆಗೇ ತುಕ್ಕು ಹಿಡಿದು ಸಾಯಲಿ.”

ಕರಿಮುಸುಡಿ ಎಂದರೆ ಲೇಪವಿಲ್ಲದ ಕಪ್ಪು ಬೋಲ್ಟು, ಬರೀ ಎಣ್ಣೆ ಸವರಿದ್ದು. ಅಂಥದ್ದನ್ನು ಕಂಡರೆ ಅಕ್ಕನಿಗೆ ಮೈಯೆಲ್ಲ ಉರಿ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವಳು ಅವಳು. ‘ನೀನೇನು ಕಡಿಮೆ?’ ಎಂದು ಅಮ್ಮ ಕೇಳಿದರೆ ನಾನೂ ಒಪ್ಪಬೇಕಾದೀತು.

“ಅಮ್ಮ, ನೀನೇ ಹೇಳು” ಎಂದೆ.

“ಅವಳು ಹೇಳೋದೂ ಸರಿ, ನೀನು ಹೇಳೋದೂ ಸರಿ” ಎಂದು ಅಮ್ಮ ಎಂದಿನಂತೆ ಅಡ್ಡಗೋಡೆಯ ಮೇಲೆ ದೀಪ ಇಟ್ಟಳು. “ಇವನು ಮೇಲಿಂದ ಬೀಳದಿದ್ರೆ ಸಾಕು.”

ಜಗಳ ಅಲ್ಲಿಗೆ ಬಂದು ನಿಂತಿತು. ಇವನು ಬೀಳಬಾರದು. ಆ ವಿಷಯದಲ್ಲಿ ಮನೆಯಲ್ಲಿ ಎರಡು ಮಾತಿರಲಿಲ್ಲ.

ಮೇಸ್ತ್ರಿಗೆ ನಾನೇ ಹೇಳುತ್ತೇನೆ ಎಂದೆ. ತಮ್ಮ ಬೇಡವೆಂದ. “ನೀನು ಹೇಳಿದ್ರೆ ಅವನು ನನ್ನ ಕೇಳ್ತಾನೆ. ನಾನು ದೊಡ್ಡಕ್ಕನ ಬೋಲ್ಟು ಸರಿಯಾಗಿದೆ ಅಂತೀನಿ. ಅವಳ ಶೆಡ್ಡು ಮುಚ್ಚಿಸಿ ನಾನು ಅನ್ನ ತಿನ್ನಲಾ?” ಕೊನೆಗೆ ಪಣ ಕಟ್ಟಿದ್ದು ಅಕ್ಕ. ಅದೇ ದಿನದ ಲೇಪದ ನಾಲ್ಕಾರು ಬೋಲ್ಟು ಶೆಡ್ಡಿನಲ್ಲಿ ಉಳಿದಿವೆ. ಅವನ್ನು ದಪ್ಪ ಉಕ್ಕಿನ ಹಲಗೆಗೆ ಬಿಗಿದು ಇಡುವುದು. ಬಿಗಿಯುವುದು ತಮ್ಮನ ಕೈಯಲ್ಲ, ಎಷ್ಟು ಬಿಗಿಯಿತೆಂದು ತೋರಿಸುವ ನನ್ನ ಪ್ರಯೋಗಾಲಯದ ಅಳತೆಯ ಪಾನಾ.

“ಸೋಮವಾರ ಬೆಳಿಗ್ಗೆ ಒಳಗೆ ಒಂದು ಮುರಿದ್ರೂ ನಾನೇ ಹೋಗಿ ಮೇಸ್ತ್ರಿಗೆ ಹೇಳ್ತೀನಿ, ನನ್ನ ಬೋಲ್ಟು ಎಲ್ಲಾ ಬಿಚ್ಚಿ ಬಿಸಾಕಿ ಅಂತ. ಮುರೀಲಿಲ್ಲ ಅಂದ್ರೆ ನೀನು ಬಾಯಿಗೆ ಬೀಗ ಹಾಕ್ಕೋಬೇಕು” ಎಂದಳು ಅಕ್ಕ.

ಈ ಪರೀಕ್ಷೆಗೆ ಒಂದು ವಾರಕ್ಕಿಂತ ಹೆಚ್ಚು ಕಾಯಬೇಕು ಎನ್ನುತ್ತದೆ ನಿಯಮ. ಆದರೂ ಒಪ್ಪಿದೆ. ಸೋಮವಾರದೊಳಗೆ ಮುರಿದೇ ಮುರಿಯುತ್ತದೆ ಎಂಬ ಗರ್ವ ನನಗಿತ್ತು. ಕಲ್ಲುಸಕ್ಕರೆಯನ್ನು ಕಣ್ಣಾರೆ ಕಂಡಿದ್ದೆನಲ್ಲ.

ಹಲಗೆಯನ್ನು ಎಲ್ಲಿಡುವುದು ಎಂಬುದಕ್ಕೂ ಜಗಳವಾಯಿತು. ಪ್ರಯೋಗಾಲಯದಲ್ಲಿಟ್ಟರೆ ನಾನು ಮೋಸ ಮಾಡುತ್ತೇನಂತೆ. ಶೆಡ್ಡಿನಲ್ಲಿಟ್ಟರೆ ಅವಳು ರಾತ್ರೋರಾತ್ರಿ ಸಡಿಲ ಮಾಡುತ್ತಾಳೆ ಎಂದೆ ನಾನು. ಹಾಗಾಗಿ ಅದು ಊಟದ ಮೇಜಿನ ನಟ್ಟನಡುವೆ ಬಂದು ಕೂತಿತು. ಮುರಿದರೆ ತಲೆ ಹಾರೀತೆಂದು ಮೇಲೊಂದು ತಂತಿಯ ಬುಟ್ಟಿ ಬೋರಲು ಹಾಕಿದೆವು. ಎದುರಿಗೆ ಕೂತವರ ಮುಖ ಕಾಣಬೇಕಾದರೆ ಬಗ್ಗಿ ನೋಡಬೇಕು. ನನಗೆ ಅಕ್ಕನ ಮುಖ, ಅವಳಿಗೆ ನನ್ನ ಮುಖ ನೋಡುವ ಅಗತ್ಯ ಆಗ ಇರಲಿಲ್ಲವಾದ್ದರಿಂದ ಅದೂ ಅನುಕೂಲವೇ ಆಯಿತು.

ಕಾಯುವುದು ಬೇಸರದ ಕೆಲಸ. ಫ್ರಿಜ್ಜು ಸದ್ದು ಮಾಡಿದರೂ ನಾವಿಬ್ಬರೂ ಬೆಚ್ಚಿ ಬೀಳುತ್ತಿದ್ದೆವು. ತಮ್ಮ ಬೇಕೆಂದೇ ಚಮಚವನ್ನು ತಟ್ಟೆಗೆ ಠಕ್ಕೆಂದು ಬಡಿದು, ಇಬ್ಬರಿಂದಲೂ ಬೈಸಿಕೊಂಡ. ಅಮ್ಮ ಬುಟ್ಟಿಯನ್ನು ದಿನವೂ ಎತ್ತಿ ಹಲಗೆಯನ್ನು ಒರೆಸಿ ಇಡುತ್ತಿದ್ದಳು, ಮನೆಗೆ ಬಂದ ವಸ್ತುವಿಗೆ ಧೂಳು ಕೂರಬಾರದೆಂದು. ಶನಿವಾರ ಮುರಿಯಲಿಲ್ಲ. ಭಾನುವಾರವೂ ಮುರಿಯಲಿಲ್ಲ. ಅಕ್ಕ ಗೆಲ್ಲುತ್ತಿದ್ದಳು. ಗೆಲ್ಲುತ್ತಿರುವವರು ಹಾಡು ಗುನುಗಬೇಕು, ಮಾತಿನಲ್ಲಿ ಚುಚ್ಚಬೇಕು. ಅವಳು ಎರಡನ್ನೂ ಮಾಡಲಿಲ್ಲ. ಭಾನುವಾರ ಸಂಜೆ ಒಬ್ಬಳೇ ಕೂತು ಆ ಬುಟ್ಟಿಯನ್ನೇ ನೋಡುತ್ತಿದ್ದಳು. ನನ್ನನ್ನು ಕಂಡು ಎದ್ದು ಹೋದಳು. ಜಂಬಕ್ಕೆ ಮಾತೂ ಬೇಡವಾಯಿತೇ ಎಂದು ನನ್ನ ಹೊಟ್ಟೆ ಇನ್ನಷ್ಟು ಉರಿಯಿತು.

ಸೋಮವಾರ ನಾನು ಏಳುವಷ್ಟರಲ್ಲಿ ಅಕ್ಕ ಹೊರಟುಹೋಗಿದ್ದಳು. ಹಲಗೆಯ ಮೇಲೆ ಎಲ್ಲ ಬೋಲ್ಟುಗಳೂ ತಲೆಯೆತ್ತಿ ನಿಂತಿದ್ದವು. ತಮ್ಮ ಶೂ ಕಟ್ಟಿಕೊಳ್ಳುತ್ತ, “ಸೋತೆ ಅಂತ ಒಪ್ಕೋ ಚಿಕ್ಕಕ್ಕ” ಎಂದ.

“ಇನ್ನೊಂದು ವಾರ ರಜೆ ಹಾಕೋ” ಎಂದೆ.

“ರಜೆ ಹಾಕಿದ್ರೆ ನನ್ನ ಕೈಯೇ ಜೋರು ಅಂತ ನಾನೇ ಬರೆದು ಕೊಟ್ಟ ಹಾಗೆ. ಹೋಗಿ ಬರ್ತೀನಮ್ಮ.”

ಹೋಗಿ ಬರುತ್ತೇನೆ ಎಂದು ಅವನು ದಿನವೂ ಹೇಳುವ ಮಾತು. ಅಂದು ಆ ಮಾತು ಕಿವಿಯಲ್ಲೇ ಉಳಿಯಿತು. ಪ್ರಯೋಗಾಲಯಕ್ಕೆ ಹೋದೆ, ಯಾವುದೋ ಕಂಪನಿಯ ಮುರಿದ ಹಲ್ಲುಗಾಲಿಯನ್ನು ಮುಂದಿಟ್ಟುಕೊಂಡೆ, ಏನೂ ಕಾಣಲಿಲ್ಲ. ನನಗೆ ಭಯವಾಗಿತ್ತು. ಅದನ್ನು ಸುತ್ತಿಬಳಸಿ ಹೇಳುವ ಅಗತ್ಯವಿಲ್ಲ.

ಫೋನ್ ಬಂದಾಗ ಇನ್ನೂ ಮಧ್ಯಾಹ್ನವಾಗಿರಲಿಲ್ಲ. ಅಮ್ಮ.

“ನೋಡೇ, ನಿನ್ನ ಆ ಕಬ್ಬಿಣದ್ದು ಠಕ್ ಅಂತು. ಒರೆಸೋಣ ಅಂತ ಬುಟ್ಟಿ ಎತ್ತೋಕೆ ಹೋಗಿದ್ದೆ, ಕೈಗೆ ತಗಲ್ತಿತ್ತು. ಕಿಟಕಿ ಕಡೆ ಇರೋದರ ತಲೆ ಹೋಗಿದೆ.” “ಅವನಿಗೆ ಫೋನ್ ಮಾಡ್ದೆ. ಎತ್ತಲಿಲ್ಲ.”

ಅವನು ಎತ್ತುವುದಿಲ್ಲ. ತೊಟ್ಟಿಲಿನಲ್ಲಿ ಫೋನ್ ಇಟ್ಟುಕೊಳ್ಳುವ ಹಾಗಿಲ್ಲ, ಕೈಜಾರಿ ಕೆಳಗಿನವರ ತಲೆಯ ಮೇಲೆ ಬಿದ್ದೀತೆಂದು. ಮನುಷ್ಯ ಬಿದ್ದರೆ ಏನು ಎಂಬುದಕ್ಕೆ ಅವರಲ್ಲಿ ನಿಯಮವಿರಲಿಲ್ಲ.

ಟ್ಯಾಕ್ಸಿ ಹಿಡಿದು ಹೋದೆ. ದಾರಿಯಲ್ಲಿ ಅಕ್ಕನಿಗೆ ಫೋನ್ ಮಾಡಿದೆ, ಅವಳೂ ಎತ್ತಲಿಲ್ಲ. ಕಟ್ಟಡದ ಮುಂದೆ ಇಳಿದು ತಲೆಯೆತ್ತಿದೆ. ಅಷ್ಟೆತ್ತರದಲ್ಲಿ ಪುಟ್ಟ ಪೆಟ್ಟಿಗೆ, ಅದರಲ್ಲಿ ತಮ್ಮ, ಗಾಜಿನ ಮೇಲೆ ಕೈಯಾಡಿಸುತ್ತಿದ್ದ. ಕೂಗಿದರೆ ಕೇಳಿಸುವ ದೂರವಲ್ಲ. ಲಿಫ್ಟಿನಲ್ಲಿ ಮೇಲೆ ಹೋದೆ, ಕೊನೆಯ ಮೆಟ್ಟಿಲುಗಳನ್ನು ಓಡಿ ಹತ್ತಿದೆ, ಟೆರೇಸಿನ ಕಬ್ಬಿಣದ ಬಾಗಿಲನ್ನು ಭುಜದಿಂದ ತಳ್ಳಿದೆ.

ಮುಂದಿನ ತೋಳಿನ ಪಕ್ಕ, ಬಣ್ಣದ ಡಬ್ಬವೊಂದನ್ನು ಬೋರಲು ಹಾಕಿಕೊಂಡು, ಅಕ್ಕ ಕೂತಿದ್ದಳು. ತೊಡೆಯ ಮೇಲೆ ಪಾನಾ. ಒಂದು ಕೈ ಬೋಲ್ಟಿನ ತಲೆಯ ಮೇಲೆ, ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವವರ ಹಾಗೆ. ಬೆಳಿಗ್ಗೆ ಕೆಲಸದವರಿಗಿಂತ ಮೊದಲೇ ಬಂದು ಅಲ್ಲೇ ಇದ್ದಿರಬೇಕು. ಕೆಲಸದ ದಿನ ಶೆಡ್ಡಿನ ಬಾಗಿಲನ್ನು ಅವಳು ಯಾವತ್ತೂ ಮುಚ್ಚಿದವಳಲ್ಲ.

ಏನೋ ಕೂಗಬೇಕೆಂದು ಬಾಯಿ ತೆರೆದವಳು ಅವಳ ಕೈ ಕೆಳಗಿನ ಬೋಲ್ಟನ್ನು ನೋಡಿ ನಿಂತೆ. ಅದು ಹಳದಿಯಲ್ಲ. ಕಪ್ಪು. ಎಣ್ಣೆ ಇನ್ನೂ ಹಸಿಯಾಗಿಯೇ ಇತ್ತು. ಆ ತೋಳಿನ ಎಲ್ಲ ಬೋಲ್ಟುಗಳೂ ಕಪ್ಪೇ, ಆಸಿಡ್ಡಿನ ಮುಖ ಕಾಣದ ಕರಿಮುಸುಡಿಗಳು. ಯಾವ ಅಂಗಡಿಯವನ ಮುಂದೆ ಹೋಗಿ ಹೇಗೆ ಕೇಳಿ ತಂದಳೋ.

“ತಮ್ಮ ಏನಂದ?” ಎಂದೆ.

“ಇದೇನಕ್ಕ ಅಂದ. ಬಾಯಿ ಮುಚ್ಕೊಂಡು ಇಳಿ ಅಂದೆ. ಇಳಿದ.”

ನಾನು ಅವಳ ಪಕ್ಕದಲ್ಲಿ ನೆಲಕ್ಕೇ ಕುಸಿದೆ. ನಗುವೂ ಬಂತು, ಅಳುವೂ ಬಂತು.

“ಮನೇಲಿ ಒಂದು ಮುರೀತು” ಎಂದೆ.

“ಯಾವ್ದು?”

“ಕಿಟಕಿ ಕಡೇದು.”

“ಹ್ಞೂಂ” ಎಂದಳು. ಪಾನಾವನ್ನು ತೊಡೆಯ ಮೇಲೆ ಸರಿಮಾಡಿಕೊಂಡು, “ಸೋಮವಾರ ಬೆಳಿಗ್ಗೆ ಒಳಗೆ ಅಂತ ತಾನೇ ಮಾತು? ಗೆದ್ದಿದ್ದು ನಾನೇ” ಎಂದಳು. ಅವಳ ದನಿಯಲ್ಲಿ ಗೆದ್ದವರ ಸೊಕ್ಕು ಎಳ್ಳಷ್ಟೂ ಇರಲಿಲ್ಲ.

“ನೀನೇ ಗೆದ್ದೆ ಬಿಡಕ್ಕ.”

ಗಾಳಿ ಬೀಸುತ್ತಿತ್ತು. ಕೆಳಗಿನಿಂದ ತಮ್ಮನ ಸಿಳ್ಳೆ ತುಂಡುತುಂಡಾಗಿ ಕೇಳಿಸುತ್ತಿತ್ತು. ನಮ್ಮ ಹುಡುಗ ಬೀಳುವುದಿಲ್ಲ ಎಂಬುದಷ್ಟೇ ನನ್ನ ತಲೆಯಲ್ಲಿದ್ದದ್ದು. ಇಷ್ಟು ದಿನ ಮನೆಯಲ್ಲಿ ನಾವು ಆಡಿದ ಜಗಳದಲ್ಲಿ, ಕಟ್ಟಿದ ಪಣದಲ್ಲಿ, ನನ್ನ ಹೈಡ್ರೋಜನ್ ಪುರಾಣದಲ್ಲಿ ಇದ್ದದ್ದೂ ಅದೊಂದೇ. ಕಣ್ಣೊರೆಸಿಕೊಂಡು ತಲೆಯೆತ್ತಿದೆ. ಟೆರೇಸಿನ ಆ ತುದಿಯಲ್ಲಿ ಹಿಂದಿನ ತೊಟ್ಟಿಲಿನ ತೋಳು ಇತ್ತು. ಅದರ ಬುಡದಲ್ಲಿ ಬಿಸಿಲಿಗೆ ಏನೋ ಹೊಳೆಯಿತು. ಆ ಹಳದಿ ನನಗೆ ಗೊತ್ತು.

“ಅಕ್ಕಾ, ಅದು?”

ಅವಳು ಆ ಕಡೆ ತಿರುಗಲಿಲ್ಲ. ಬೆಳಿಗ್ಗೆಯಿಂದ ಆ ಕಡೆಗೆ ಬೆನ್ನು ಹಾಕಿಯೇ ಕೂತಿದ್ದಳೆಂದು ಆಗ ಹೊಳೆಯಿತು.

“ಅದರಲ್ಲಿ ಯಾರಿದಾರೆ?” ಎಂದೆ.

“ಗೊತ್ತಿಲ್ಲ.”

“ಇಳಿದಿದಾನಾ?”

“ಬೆಳಿಗ್ಗೆನೇ ಇಳಿದ. ನನ್ನ ನೋಡಿ ಚಹಾ ಆಯ್ತಾ ಅಮ್ಮ ಅಂದ.” “ಮೇಸ್ತ್ರಿ, ಆ ಹುಡುಗ ಎಲ್ಲರ ಮುಂದೆ ಆ ಬೋಲ್ಟುಗಳನ್ನೂ ಬಿಚ್ಚೋಕೆ ಹೋದ್ರೆ ಯಾಕೆ ಅಂತ ಕೇಳ್ತಾರಲ್ಲ ಕಣೇ. ಏನು ಹೇಳ್ಲಿ?”

ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಎದ್ದಿದ್ದಳು. ಪಾನಾ ಠಣಾರೆಂದು ನೆಲಕ್ಕೆ ಬಿತ್ತು. ಆ ವಯಸ್ಸಿನ, ಆ ಮೈಭಾರದ ಹೆಂಗಸು ಟೆರೇಸಿನುದ್ದಕ್ಕೂ ಓಡಿ, ಹಿಂದಿನ ಗೋಡೆಯ ಮೇಲೆ ಹೊಟ್ಟೆಯೂರಿ ಬಗ್ಗಿ ಕೂಗಿದಳು.

“ಏಯ್! ಏಯ್ ತಮ್ಮಾ!”

ಮುಂದಿನ ಕಡೆಯಿಂದ ನಮ್ಮ ತಮ್ಮನ ದನಿ ಬಂತು. “ಏನಕ್ಕಾ?”

“ನೀನಲ್ಲ ಕಣೋ!” ಎಂದು ಅಕ್ಕ ತಿರುಗದೆಯೇ ಕಿರುಚಿದಳು. “ಇವನು! ಈ ಕಡೆಯೋನು! ಏಯ್ ಮಾರಾಯ, ಕೇಳಿಸ್ತಾ?”

ನಾನೂ ಓಡಿ ಹೋಗಿ ಬಗ್ಗಿದೆ. ಬಹಳ ಕೆಳಗೆ ಒಂದು ಮುಖ ಮೇಲೆ ನೋಡಿತು. “ಮೋಟಾರು ಮುಟ್ಟಬೇಡ!” ಎಂದು ಕೂಗಿದೆ. “ಅಲ್ಲಾಡಬೇಡ! ಪಕ್ಕದ ಕಿಟಕಿ ಬಡಿ, ತೆಗೆಸಿಕೊಂಡು ಒಳಗೆ ಹತ್ತು!”

ಅವನು ಏನೂ ಅರ್ಥವಾಗದೆ ಸ್ವಲ್ಪ ಹೊತ್ತು ನಮ್ಮನ್ನೇ ನೋಡಿದ. ಆಮೇಲೆ ಕಿಟಕಿ ಬಡಿದ. ಒಳಗಿದ್ದ ಯಾರೋ ತೆರೆಯಲು ತಡಮಾಡಿದರು. ಕೊನೆಗೆ ಗಾಜು ಸರಿಯಿತು, ಎರಡು ಕೈ ಹೊರಗೆ ಚಾಚಿದವು, ಅವನು ಬೆಲ್ಟು ಬಿಚ್ಚಿ ಒಳಗೆ ಕಾಲಿಟ್ಟ. ಖಾಲಿ ತೊಟ್ಟಿಲು ಗಾಳಿಗೆ ಮೆಲ್ಲಗೆ ತೂಗಿತು. ಅಲ್ಲಿಯವರೆಗೂ ಅಕ್ಕ ನನ್ನ ಮುಂಗೈಯನ್ನು ಹಿಡಿದುಕೊಂಡಿದ್ದಳು, ಆ ಗುರುತು ಮರುದಿನವೂ ಇತ್ತು.

ಮೇಸ್ತ್ರಿ ಏದುಸಿರು ಬಿಡುತ್ತ ಮೇಲೆ ಬಂದ. “ಏನ್ರಮ್ಮ ಇದು ಗಲಾಟೆ? ಕೆಲಸ ನಿಲ್ಲಿಸೋಕೆ ನೀವ್ಯಾರು? ಮತ್ತೆ ಬೋಲ್ಟಾ? ಏನಾಗಿದೆ ಅದಕ್ಕೆ? ಆ ಶೆಡ್ಡಲ್ಲಿ ಲೇಪ ಹಾಕಿದೋರು ಯಾರು?”

ಅಕ್ಕ ನನ್ನ ಕಡೆ ನೋಡಿದಳು. ನಾನು ಬಾಯಿಗೆ ಬೀಗ ಹಾಕಿಕೊಂಡೇ ನಿಂತೆ, ಮಾತು ಕೊಟ್ಟಿದ್ದೆನಲ್ಲ.

“ನಾನೇ ಹಾಕಿದ್ದು” ಎಂದಳು ಅಕ್ಕ. “ಒಲೆ ತುಂಬ್ಲಿ ಅಂತ ಕಾದೆ. ಎಲ್ಲಾ ಬಿಚ್ಚಿಸಿ.”